ಸಿಮೆಂಟಿನ ಪಡಸಾಲೆ

ಹುಬ್ಬಳ್ಳಿಯಿಂದ ಹಾವೇರಿಯತ್ತ ಹೋಗುವ ಹೆದ್ದಾರಿಯಲ್ಲಿ, ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಬಳಿ ಉತ್ಸವ ರಾಕ್ ಗಾರ್ಡನ್ ಇದೆ. 1997ರವರೆಗೆ ಇದೆಲ್ಲ ಧಾರವಾಡ ಜಿಲ್ಲೆಯೇ ಆಗಿತ್ತು. ಕಲಾವಿದ ಟಿ.ಬಿ. ಸೊಲಬಕ್ಕನವರ ಕಲ್ಪಿಸಿ ಕಟ್ಟಿದ, ಅವರ ಮಗಳು ವೇದಾರಾಣಿ ಮತ್ತು ಅಳಿಯ ಪ್ರಕಾಶ ದಾಸನೂರ ಜೊತೆಗೂಡಿ ಬೆಳೆಸಿದ ಜಾಗವಿದು. ಮೊದಲು ರಾಜಕುಮಾರ್ ಅವರ ಪಾತ್ರಗಳು ಎದುರಾಗುತ್ತವೆ. ಒಳಗೆ ಹೋದರೆ ಗೌಡರ ವಾಡೆ, ಕುಂಬಾರ, ಕಮ್ಮಾರ, ದನಕರು ಎಲ್ಲ ಸೇರಿದ ಒಂದು ಹಳ್ಳಿ, ಆಳೆತ್ತರದ ಸಿಮೆಂಟ್ ಶಿಲ್ಪಗಳಲ್ಲಿ. ನೋಡಿ ದಣಿದವರಿಗೆ ಊಟದ ವ್ಯವಸ್ಥೆಯೂ ಉಂಟು. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯವರಿಗೆ ಬೆಳಿಗ್ಗೆ ಹೋಗಿ ಸಂಜೆ ಮನೆ ಸೇರಬಹುದಾದ ಪ್ರವಾಸ. ಹಳ್ಳಿಯವರೇ ಟಿಕೆಟ್ ತೆಗೆದು ಹಳ್ಳಿ ನೋಡುವ ಈ ಸಂಗತಿಯನ್ನು ನಾವು ಒಂದು ಕಾದಂಬರಿಯಷ್ಟೇ ಗಂಭೀರವಾಗಿ ಓದಬೇಕು ಎಂಬುದು ನನ್ನ ವಾದ.

ಮನೆ ನೋಡಲೆಂದೇ ಪ್ರವಾಸ ಹೋಗುವುದು ನಮ್ಮಲ್ಲಿ ಮಾತ್ರ ನಡೆಯುವುದಿಲ್ಲ. ಅಮೆರಿಕದ ಟೆಕ್ಸಾಸಿನಲ್ಲಿ ವೇಕೊ ಎಂಬ ಊರಿದೆ. ಚಿಪ್ ಮತ್ತು ಜೊಆನಾ ಗೇನ್ಸ್ ದಂಪತಿ 2013ರಲ್ಲಿ ಶುರುವಾದ ‘ಫಿಕ್ಸರ್ ಅಪ್ಪರ್’ ಟಿವಿ ಕಾರ್ಯಕ್ರಮದಲ್ಲಿ ಹಳೆಯ ಮನೆಗಳನ್ನು ಹೊಸದಾಗಿಸಿ ಹೆಸರಾದವರು. 2015ರಲ್ಲಿ ಅವರು ವೇಕೊದ ಹಳೆಯ ಕಣಜಗಳ ಆವರಣದಲ್ಲಿ ಅಂಗಡಿ ತೆರೆದರು. 2018ರಲ್ಲಿ ರೆಸ್ಟೋರೆಂಟ್ ಮಾಡಿದರು. ಟೆಕ್ಸಾಸಿನಲ್ಲಿರುವ ನನ್ನ ಚಿಕ್ಕಪ್ಪನ ಮಗಳು ಅತ್ತೆ-ಮಾವನನ್ನು ಅಲ್ಲಿಗೆ ಕರೆದೊಯ್ದಿದ್ದಳು. ಫೋಟೋದಲ್ಲಿ ಅವರ ಹಿಂದೆ ಎರಡು ಎತ್ತರದ ಕಣಜಗಳಿದ್ದವು. ಅವು ಹತ್ತಿಕಾಳಿನ ಎಣ್ಣೆ ಉದ್ಯಮದ ಕಣಜಗಳು. ನನಗೆ ಕೂಡಲೇ ನಮ್ಮ ಎರೆ ಹೊಲ ನೆನಪಾಯಿತು. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಹತ್ತಿ ಬೀಜವನ್ನು ಧಾರವಾಡ ಸೀಮೆಯಲ್ಲಿ ಬಿತ್ತಿಸಿತು. ಮುಂದೆ ಅದೇ ‘ಧಾರವಾಡ-ಅಮೆರಿಕನ್’ ಎಂಬ ಹೆಸರಿನಲ್ಲಿ ಪೇಟೆ ಸೇರಿತು. ಅಂದರೆ ಈ ಎರಡು ಸೀಮೆಗಳ ನಡುವೆ ಹತ್ತಿಯ ಹಳೆಯ ನಂಟಿದೆ. ವೇಕೊದ ಅಂಗಡಿಯಲ್ಲಿ ಮಾರಾಟಕ್ಕಿರುವ ತಟ್ಟೆ, ದೀಪ, ಮೇಜಿನ ಬಟ್ಟೆಗಳಲ್ಲಿ ಒಂದು ನೆಮ್ಮದಿಯ ಹಳ್ಳಿಮನೆಯ ಚಿತ್ರವಿದೆ. ಗುಲಾಮಗಿರಿಯಲ್ಲೂ ಆಮೇಲಿನ ಪಾಲುಗೇಣಿಯಲ್ಲೂ ಹತ್ತಿ ಬಿಡಿಸಿದ ಕೈಗಳು ಆ ಚಿತ್ರದೊಳಗೆ ಬರುವುದಿಲ್ಲ. ಹಳೆಯ ಮನೆಯ ಹಂಬಲ ಮಾರುವ ಜಾಗಗಳೆಲ್ಲ ಏನನ್ನು ಒಳಗಿಟ್ಟು ಏನನ್ನು ಹೊರಗಿಡುತ್ತವೆ ಎಂದು ಕೇಳುವುದೇ ವಿಮರ್ಶೆಯ ಮೊದಲ ಕೆಲಸ.

ಕರ್ನಾಟಕದಲ್ಲಿ ಹಳೆಯ ಬದುಕನ್ನು ಕಾಪಿಡುವ ದಾರಿಗಳು ಬೇರೆ ಬೇರೆ. ಎಚ್.ಎಲ್. ನಾಗೇಗೌಡರು ರಾಮನಗರದ ಜಾನಪದ ಲೋಕದಲ್ಲಿ ಜನರು ಬಳಸಿದ ವಸ್ತುಗಳನ್ನು ಕೂಡಿಹಾಕಿದರು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಕೆಡವಲಿದ್ದ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಜೋಡಿಸಿದರು. ಅಲ್ಲಿ ಮರ ಹಳೆಯದು, ಕಂಬ ಹಳೆಯದು. ಮನೆಯ ಜನ ಮಾತ್ರ ಇಲ್ಲ. ಗೊಟಗೋಡಿಯಲ್ಲಿ ಇದಕ್ಕೆ ತಿರುಗುಮುರುಗು: ವಸ್ತು ಹೊಸದು, ಆದರೆ ಜನ ತುಂಬಿದ್ದಾರೆ. ಹೆರಳು ಹಾಕುವವಳು, ದನ ಮೇಯಿಸುವವನು, ಕಟ್ಟೆಯ ಮೇಲೆ ಕೂತವನು. ಸೊಲಬಕ್ಕನವರ ದೊಡ್ಡಾಟಕ್ಕಾಗಿ ದುಡಿದವರು ಎಂಬುದನ್ನು ನೆನೆದರೆ ಇದು ಅರ್ಥವಾಗುತ್ತದೆ. ಅವರು ಹಳ್ಳಿಯನ್ನು ರಂಗದ ಮೇಲಿನ ದೃಶ್ಯದಂತೆ ಕಂಡಿದ್ದಾರೆ. ಪ್ರತಿಯೊಬ್ಬರೂ ಒಂದು ಕ್ರಿಯೆಯ ನಡುವೆ ನಿಂತಿದ್ದಾರೆ. ಪರದೆ ಈಗಷ್ಟೇ ಸರಿದಂತಿದೆ.

ನಾನು ಅಲ್ಲಿಗೆ ಹೋದದ್ದು ಅವ್ವ, ಅಪ್ಪ, ಅಕ್ಕನ ಮಕ್ಕಳ ಜೊತೆ. ಸಂಶೋಧನಾ ವಿದ್ಯಾರ್ಥಿಯ ತಲೆಯಲ್ಲಿ ‘ಗತದ ಹಂಬಲ’, ‘ಪ್ರತಿನಿಧೀಕರಣ’ ಮುಂತಾದ ಪದಗಳು ಸಿದ್ಧವಾಗಿದ್ದವು. ಕೆಲಸದಲ್ಲಿ ತೊಡಗಿದ ಒಬ್ಬ ಹೆಂಗಸಿನ ಶಿಲ್ಪದ ಮುಂದೆ ಅವ್ವ ಬಹಳ ಹೊತ್ತು ನಿಂತಳು. ‘ಎಲ್ಲಾ ಖರೆ ಮಾಡ್ಯಾರ. ಆದ್ರ ಮೈಯಾಗ ಬೆವರಿಲ್ಲ ನೋಡು’ ಎಂದಳು. ಸ್ವಲ್ಪ ತಡೆದು, ‘ಆದ್ರೂ ಇರ್ಲಿ. ನಮ್ಮಂಥವ್ರ ಮೂರ್ತಿ ಯಾರ ಮಾಡತಾರ?’ ಎಂದಳು. ಈ ಎರಡು ಮಾತುಗಳಲ್ಲಿ ಆ ಜಾಗದ ವಿಮರ್ಶೆ ಪೂರ್ತಿ ಇದೆ. ನಾನು ಮಾಡುವುದು ಅವುಗಳ ವಿಸ್ತರಣೆ ಮಾತ್ರ.

ಎರಡನೆಯ ಮಾತನ್ನು ಮೊದಲು ನೋಡೋಣ. ನಮ್ಮ ಸೀಮೆಯಲ್ಲಿ ಶಿಲ್ಪಕ್ಕೆ ಕೊರತೆಯಿಲ್ಲ. ಪಂಪನ ಊರೆಂದು ನಾವು ಹೆಮ್ಮೆಪಡುವ ಅಣ್ಣಿಗೇರಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಅಮೃತೇಶ್ವರ ದೇವಾಲಯವಿದೆ. ಕುಂದಗೋಳದಲ್ಲಿ ಶಂಭುಲಿಂಗ ದೇವಾಲಯವಿದೆ. ಊರೂರಲ್ಲಿ ವೀರಗಲ್ಲುಗಳಿವೆ. ದೇವರು ಕಲ್ಲಾದ, ಅರಸ ಕಲ್ಲಾದ. ಸಾಮಾನ್ಯನೂ ಕಲ್ಲಾದದ್ದುಂಟು, ಆದರೆ ಅದಕ್ಕೆ ಅವನು ಕಾದಿ ಸಾಯಬೇಕಿತ್ತು. ಹೆಂಗಸಾದರೆ ಗಂಡನ ಜೊತೆ ಉರಿದು ಮಾಸ್ತಿಯಾಗಬೇಕಿತ್ತು. ಬದುಕಿ, ಕಳೆ ಕಿತ್ತು, ರೊಟ್ಟಿ ಬಡಿದವಳಿಗೆ ಕಲ್ಲಿನಲ್ಲಿ ಜಾಗ ಸಿಕ್ಕಿದ್ದು ಅಪರೂಪ. ಅಂಥವಳನ್ನು ಆಳೆತ್ತರದಲ್ಲಿ ನಿಲ್ಲಿಸಿದ್ದು ಸಣ್ಣ ಕೆಲಸವಲ್ಲ. ರಾಕ್ ಗಾರ್ಡನ್ನನ್ನು ಅಗ್ಗದ ಪ್ರವಾಸೋದ್ಯಮವೆಂದು ತಳ್ಳಿಹಾಕುವವರಿಗೆ ನನ್ನ ತಕರಾರು ಇದೇ.

ಇನ್ನು ಬೆವರಿನ ಮಾತು. ಸಿಮೆಂಟಿನ ಹಳ್ಳಿಯಲ್ಲಿ ಪ್ರತಿ ಕಸುಬಿನವನೂ ತನ್ನ ತನ್ನ ಜಾಗದಲ್ಲಿದ್ದಾನೆ. ಅದೇ ಅದರ ಚೆಲುವು, ಅದೇ ತೊಡಕು. ನಿಜದ ಹಳ್ಳಿಯಲ್ಲಿ ಆ ಜಾಗವನ್ನು ಗೊತ್ತುಮಾಡಿದ್ದು ಜಾತಿ. ಯಾರು ವಾಡೆಯ ಪಡಸಾಲೆಗೆ ಏರಬಹುದಿತ್ತು, ಯಾರು ಅಂಗಳದಲ್ಲೇ ನಿಲ್ಲಬೇಕಿತ್ತು ಎಂಬುದನ್ನು ಶಿಲ್ಪ ತಾನಾಗಿ ಹೇಳುವುದಿಲ್ಲ. ನನ್ನ ಅಕ್ಕನ ಮಕ್ಕಳಂತೆ ಇಂದಿನ ನೋಡುಗರು ಎಲ್ಲ ಮನೆಗಳೊಳಗೂ ಸಲೀಸಾಗಿ ಹೊಕ್ಕು ಬರುತ್ತಾರೆ. ಟಿಕೆಟ್ ಕೊಟ್ಟ ಈ ಸಮಾನತೆ ಸಂತೋಷದ್ದೇ, ಆದರೆ ಇದು ಮೊದಲೂ ಹೀಗೇ ಇತ್ತು ಎಂಬ ಭ್ರಮೆಯನ್ನೂ ಅದು ಹುಟ್ಟಿಸಬಲ್ಲದು. ದಲಿತ ಆತ್ಮಕತೆಗಳನ್ನು ಓದಿದ ವಿದ್ಯಾರ್ಥಿ ಈ ಹಳ್ಳಿಯಲ್ಲಿ ನಡೆಯುವಾಗ ಊರ ಹೊರಗಿನ ಕೇರಿ ಎಲ್ಲಿ ಎಂದು ಹುಡುಕದೆ ಇರಲಾರ. ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇರುವುದೂ ಇದೇ ಗೊಟಗೋಡಿಯಲ್ಲಿ. ಆ ಪ್ರಶ್ನೆಗೆ ಅಲ್ಲಿಗಿಂತ ಒಳ್ಳೆಯ ಜಾಗ ಬೇರಿಲ್ಲ.

ಕಾಲದ ಪ್ರಶ್ನೆಯೂ ಇದೆ. ನವಲಗುಂದ ಸೀಮೆಯ ಮೇಲ್ಮುದ್ದಿ ಮನೆಗೆ ದಪ್ಪ ಮಣ್ಣಿನ ಗೋಡೆ, ತೊಲೆ-ಜಂತಿಯ ಮೇಲೆ ಮಣ್ಣಿನ ಚಾವಣಿ, ನಡುವೆ ಬೆಳಕಿಂಡಿ. ಬೇಸಿಗೆಗೆ ಅದರಷ್ಟು ತಂಪು ಮತ್ತೊಂದಿಲ್ಲ. ಆದರೆ ಮಳೆಗೆ ಮುಂಚೆ ವರ್ಷಾ ಮಾಳಿಗೆಗೆ ಮಣ್ಣು ಹಾಕಿ ದಮ್ಮಸು ಮಾಡಬೇಕು. ಆ ದುಡಿಮೆಗೆ ಈಗ ಮನೆಯಲ್ಲಿ ಆಳಿಲ್ಲ. 2019ರ ಆಗಸ್ಟ್ ಮಳೆಗೆ ಜಿಲ್ಲೆಯಲ್ಲಿ ಇಂಥ ಎಷ್ಟೋ ಮನೆಗಳು ಕುಸಿದವು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಮತ್ತೆ ಎದ್ದದ್ದು ಸಿಮೆಂಟ್ ಮನೆಗಳು. ನಮ್ಮ ಹಿತ್ತಲ ಗೋಡೆಯೂ ಆ ಮಳೆಗೆ ಹೋಯಿತು, ಈಗ ಅಲ್ಲಿ ಸಿಮೆಂಟ್ ಇಟ್ಟಿಗೆ ಇದೆ. ಅದಕ್ಕೆ ಅವ್ವ ಕಣ್ಣೀರು ಹಾಕಲಿಲ್ಲ, ನಿರುಮ್ಮಳವಾಗಿ ನಿದ್ದೆ ಮಾಡಿದಳು. ಮಣ್ಣಿನ ಮನೆಯ ಚೆಲುವಿನ ಬಗ್ಗೆ ಬರೆಯುವ ನಾವು ಆ ನಿದ್ದೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಊರಿನ ಮನೆ ಸಿಮೆಂಟಾಯಿತು, ಮಣ್ಣಿನ ಮನೆಯ ನೆನಪೂ ಸಿಮೆಂಟಿನಲ್ಲೇ ನಿಂತಿತು.

ನೆನಪನ್ನು ನೋಡಲು ನಾವು ಕೊಡುವ ದುಡ್ಡಿನಲ್ಲಿ ಒಂದು ಪಾಲಾದರೂ ಇನ್ನೂ ಬದುಕಿರುವ ಕಸುಬಿಗೆ ಹೋಗಬೇಕು ಎಂದು ನನಗನ್ನಿಸುತ್ತದೆ. ನವಲಗುಂದದ ಜಮಖಾನೆಗೆ 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ಅದನ್ನು ನೇಯುವವರು ಹೆಂಗಸರು, ಮನೆಯೊಳಗಿನ ಮಗ್ಗದಲ್ಲಿ ನೇಯುತ್ತಾರೆ. ಹೆಸರಿಗೆ ಮಾನ್ಯತೆ ಬಂದರೂ ಮಗ್ಗದ ಮುಂದೆ ಕೂರುವವರು ಉಳಿದಿರುವುದು ಕೆಲವರೇ. ಕಲಘಟಗಿಯ ಬಣ್ಣದ ತೊಟ್ಟಿಲು ಹಾಡುಗಳಲ್ಲಿ ತೂಗುವಷ್ಟು ಮನೆಗಳಲ್ಲಿ ತೂಗುತ್ತಿಲ್ಲ. ಸಿಮೆಂಟಿನ ಹಳ್ಳಿಗೆ ಬಸ್ಸು ತುಂಬಿ ಹೋಗುವ ನಾವು ನವಲಗುಂದದ ಓಣಿಯಲ್ಲಿ ಒಂದು ಜಮಖಾನೆ ಕೊಂಡದ್ದು ಯಾವಾಗ?

ಮನೆ ಉಳಿಸುವ ಇನ್ನೊಂದು ದಾರಿಯೂ ನಮ್ಮಲ್ಲಿದೆ. ಕುಂದಗೋಳದ ನಾಡಿಗೇರ ವಾಡೆಯಲ್ಲಿ, 1952ರಲ್ಲಿ ತೀರಿಕೊಂಡ ಸವಾಯಿ ಗಂಧರ್ವರ ಪುಣ್ಯತಿಥಿಗೆ ರಾತ್ರಿಯಿಡೀ ಹಾಡಿಕೆ ನಡೆಯುವ ಪರಂಪರೆಯಿದೆ. ಭೀಮಸೇನ ಜೋಶಿ ಕಲಿತ ಊರದು. ಜನ ಅಲ್ಲಿಗೆ ವಾಡೆ ನೋಡಲು ಹೋಗುವುದಿಲ್ಲ, ಗಾಯನ ಕೇಳಲು ಹೋಗುತ್ತಾರೆ. ಕಂಬಕ್ಕೊರಗಿ ಕೂತು ತೂಕಡಿಸುತ್ತಾರೆ, ಒಳ್ಳೆಯ ತಾನಿಗೆ ಎಚ್ಚರಾಗುತ್ತಾರೆ. ಹಾಡಿಕೆ ನಡೆಯುವಷ್ಟು ಕಾಲ ಆ ಕಂಬಕ್ಕೂ ಕೆಲಸವಿರುತ್ತದೆ.