ಮಂದಣ್ಣ ಓದಿದ ಶಾಲೆ

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವ ಪದ್ಧತಿ ನಮ್ಮ ನಗರಗಳ ವಿದ್ಯಾವಂತ ಕುಟುಂಬಗಳಲ್ಲಿ ನಿಧಾನವಾಗಿ ಬೇರೂರುತ್ತಿದೆ. ಪಠ್ಯಪುಸ್ತಕದ ಬದಲು ಮಣ್ಣು, ಬೀಜ, ಅಡುಗೆಮನೆಯ ಪಾವು-ಸೇರು. ತರಗತಿಯ ಬದಲು ಅಪ್ಪ ಅಮ್ಮನ ಜೊತೆ ಊರೂರು ಸುತ್ತಾಟ. ಕೈಯಿಂದ ಮಾಡಿ ಕಲಿತದ್ದು ಮರೆಯುವುದಿಲ್ಲ, ಕಣ್ಣಾರೆ ಕಂಡದ್ದು ಬಾಯಿಪಾಠಕ್ಕಿಂತ ಮಿಗಿಲು ಎಂಬುದು ಇವರ ನಂಬಿಕೆ. ಅಂಥ ಸುತ್ತಾಟಕ್ಕೆ ಮೂಡಿಗೆರೆ, ಕಳಸ, ಹೊರನಾಡಿನ ಬೆಟ್ಟಗಳಿಗಿಂತ ಒಳ್ಳೆಯ ಜಾಗ ಬೇಕೆ? ಭದ್ರೆ ಹರಿಯುವುದನ್ನು ನೋಡಬಹುದು. ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ನೂರಾರು ಜನ ಸಾಲಾಗಿ ಕೂತು ಉಣ್ಣುವುದನ್ನು ನೋಡಬಹುದು. ಒಂದು ಮಳೆ ಬಿದ್ದ ಕೆಲವೇ ದಿನಗಳಲ್ಲಿ ಇಡೀ ಕಾಫಿ ತೋಟ ಬೆಳ್ಳಗೆ ಹೂವಾಗುವುದನ್ನು ನೋಡಬಹುದು.

ಶಾಲೆಯಾಚೆಗಿನ ಕಲಿಕೆಯ ಮಾತು ಬಂದಾಗ ಕನ್ನಡಿಗರಿಗೆ ಮೊದಲು ನೆನಪಾಗುವವರು ಪೂರ್ಣಚಂದ್ರ ತೇಜಸ್ವಿ. ಮೂಡಿಗೆರೆಯಲ್ಲಿ ಕಾಫಿ ಬೆಳೆದು, ಮೀನು ಹಿಡಿದು, ಹಕ್ಕಿಗಳ ಚಿತ್ರ ತೆಗೆದು, 2007ರಲ್ಲಿ ಅಲ್ಲೇ ತೀರಿಕೊಂಡ ಈ ಲೇಖಕರನ್ನು ಶಾಲಾ ವಿದ್ಯೆಯ ವಿರೋಧಿಯೆಂಬಂತೆ ಓದುವವರಿದ್ದಾರೆ. ಆದರೆ ಅವರ ಕೃತಿಗಳು ನಿಜವಾಗಿ ಹೇಳುವುದು ಅದನ್ನೇ ಏನು?

1980ರಲ್ಲಿ ಬಂದ 'ಕರ್ವಾಲೊ' ಕಾದಂಬರಿಯ ಮಂದಣ್ಣನನ್ನೇ ತೆಗೆದುಕೊಳ್ಳೋಣ. ಊರಿನವರ ಪಾಲಿಗೆ ಆತ ಕೆಲಸಕ್ಕೆ ಬಾರದ ಅಲೆಮಾರಿ. ಜೇನು ಹುಡುಕುತ್ತಾನೆ, ಕಾಡು ಸುತ್ತುತ್ತಾನೆ, ಪೊಲೀಸ್ ಕೇಸಿಗೂ ಸಿಕ್ಕಿಬೀಳುತ್ತಾನೆ. ಆದರೆ ಮೂಡಿಗೆರೆಗೆ ಬಂದ ವಿಜ್ಞಾನಿ ಕರ್ವಾಲೊ ಕಣ್ಣಿಗೆ ಅವನೊಬ್ಬ ಹುಟ್ಟು ನಿಸರ್ಗ ವಿಜ್ಞಾನಿ. ಪಂಡಿತರು ಕಾಣದ ಹಾರುವ ಓತಿಯನ್ನು ಕಂಡವನು ಅವನೇ. ಇಷ್ಟನ್ನೇ ಓದಿ ಪುಸ್ತಕ ಮುಚ್ಚಿದರೆ, ಕಾಡೇ ಶಾಲೆ, ಬೇರೆ ಶಾಲೆ ದಂಡ ಎಂಬ ತೀರ್ಮಾನಕ್ಕೆ ಬರುವುದು ಸುಲಭ.

ಕಾದಂಬರಿ ಅಷ್ಟಕ್ಕೆ ನಿಲ್ಲುವುದಿಲ್ಲ. ಮಂದಣ್ಣ ಕಂಡದ್ದು ಏನೆಂದು ತಿಳಿಯುವುದಕ್ಕೆ ಕರ್ವಾಲೊ ಬೇಕಾಯಿತು. ಓತಿಯ ಹಿಂದಿರುವ ಕೋಟ್ಯಂತರ ವರ್ಷಗಳ ಜೀವವಿಕಾಸದ ಕಥೆ ಕಾಡಿನ ಅನುಭವವೊಂದರಿಂದಲೇ ದಕ್ಕುವಂಥದ್ದಲ್ಲ. ಅದಕ್ಕೆ ಗ್ರಂಥಾಲಯವೂ ಬೇಕು, ತಲೆಮಾರುಗಳ ಓದೂ ಬೇಕು. ಹಾಗೆಯೇ ಮಂದಣ್ಣನಿಲ್ಲದೆ ಕರ್ವಾಲೊಗೆ ಕಾಡಿನಲ್ಲಿ ದಾರಿಯಿಲ್ಲ. ಕೈಯ ತಿಳಿವಳಿಕೆ ಮತ್ತು ಪುಸ್ತಕದ ತಿಳಿವಳಿಕೆ ಒಂದೇ ದಾರಿಯಲ್ಲಿ ಜೊತೆಯಾಗಿ ನಡೆಯುವುದೇ ಈ ಕೃತಿಯ ಜೀವಾಳ. ಕೊನೆಗೆ ಓತಿ ಯಾರ ಕೈಗೂ ಸಿಗದೆ ಹಾರಿಹೋಗುತ್ತದೆ. ಆದರೆ ಆ ಹೊತ್ತಿಗೆ ಹಳ್ಳಿಗನೂ ವಿಜ್ಞಾನಿಯೂ ಅಕ್ಕಪಕ್ಕ ನಿಂತು ಒಂದೇ ಬೆರಗಿನಲ್ಲಿ ನೋಡುತ್ತಿರುತ್ತಾರೆ.

'ಪರಿಸರದ ಕತೆ'ಯಲ್ಲಿಯೂ ಇದೇ ಗುಣವಿದೆ. ಅಲ್ಲಿನ ಲೇಖಕ ಜನ ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ನಂಬುವುದಿಲ್ಲ. ಹಳ್ಳಿಯ ಮಾತೆಂದು ತಳ್ಳಿಹಾಕುವುದೂ ಇಲ್ಲ. ಯಾರೋ ಹೇಳಿದ ಮೂಲಿಕೆಯ ಬೆನ್ನು ಹತ್ತುತ್ತಾನೆ, ಕೇಳುತ್ತಾನೆ, ಅನುಮಾನಿಸುತ್ತಾನೆ, ಮತ್ತೆ ಹೋಗಿ ನೋಡುತ್ತಾನೆ. ಅಂಡಮಾನಿನ ಪ್ರವಾಸಕಥನವೂ ಹಾಗೆಯೇ. ಗಾಳದ ಹುಚ್ಚು ಹಿಡಿದ ಗೆಳೆಯರು ಕಡಲನ್ನೂ ಮೀನನ್ನೂ ಅರಿಯುವುದು ಗಾಳ ಹಾಕುತ್ತಲೇ ಹೊರತು ತಾಣಗಳ ಪಟ್ಟಿ ಹಿಡಿದು ಓಡಾಡಿ ಅಲ್ಲ. ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಎರಡು ದಿನದಲ್ಲಿ ಐದು ಜಾಗ ತೋರಿಸಿ ಅದನ್ನು ಕಲಿಕೆ ಎನ್ನುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಇನ್ನು ಇದೇ ಬೆಟ್ಟಗಳ ಬೇರೊಂದು ಬಾಲ್ಯವನ್ನು ನೋಡೋಣ. ಕಾಫಿ ಕೊಯ್ಲಿನ ಕಾಲಕ್ಕೆ ಉತ್ತರ ಕರ್ನಾಟಕದಿಂದ, ದೂರದ ಅಸ್ಸಾಮಿನಿಂದಲೂ ಕುಟುಂಬಗಳು ಇಲ್ಲಿನ ತೋಟಗಳಿಗೆ ಬರುತ್ತವೆ. ಲೈನ್ ಮನೆಗಳಲ್ಲಿ ಬೆಳೆಯುವ ಆ ಮಗುವಿಗೂ ಹಣ್ಣು ಯಾವುದು, ಕಾಯಿ ಯಾವುದು ಎಂದು ಗೊತ್ತು. ಜಿಗಣೆ ಬಿಡಿಸುವುದು, ಒಲೆ ಹೊತ್ತಿಸುವುದು, ತಂಗಿಯನ್ನು ಎತ್ತಿ ಆಡಿಸುವುದು ಗೊತ್ತು. ಅದೂ ಅಪ್ಪ ಅಮ್ಮನ ಜೊತೆ ಸಾವಿರಾರು ಕಿಲೋಮೀಟರ್ ಪ್ರಯಾಣ ಮಾಡಿದೆ. ಎರಡು ಮೂರು ಭಾಷೆಗಳನ್ನು ಕಿವಿಗೆ ಹಾಕಿಕೊಂಡಿದೆ. ಕೈಕೆಲಸವೂ ಉಂಟು, ಕುಟುಂಬದ ಪ್ರವಾಸವೂ ಉಂಟು. ಆದರೆ ನಗರದ ಮಗುವಿನದನ್ನು ಮನೆಶಾಲೆ ಎನ್ನುವ ನಾವು ಈ ಮಗುವನ್ನು ಶಾಲೆ ಬಿಟ್ಟ ಮಗು ಎನ್ನುತ್ತೇವೆ.

ಹಾಗೆನ್ನುವುದು ತಪ್ಪಲ್ಲ. ಏಕೆಂದರೆ ಈ ಮಗುವಿನ ಪಾಲಿಗೆ ಕರ್ವಾಲೊ ಇಲ್ಲ. ಅದು ಕಂಡದ್ದಕ್ಕೆ ಹೆಸರು ಹೇಳುವವರಿಲ್ಲ, ಅದರ ಪ್ರಶ್ನೆಗೆ ಪುಸ್ತಕ ತೆರೆದು ಉತ್ತರ ಹುಡುಕುವ ಅಮ್ಮನಿಗೆ ಬಿಡುವಿಲ್ಲ, ಹಲವೊಮ್ಮೆ ಅಕ್ಷರವೂ ಇಲ್ಲ. ಮನೆಯಲ್ಲಿ ಕಲಿತ ನಗರದ ಮಗು ಹದಿನಾಲ್ಕು ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆ ಬರೆದು ಮುಂದೆ ಹೋಗಬಹುದು. ಲೈನ್ ಮನೆಯ ಮಗುವಿಗೆ ಆ ಬಾಗಿಲು ಎಲ್ಲಿದೆ ಎಂದು ತೋರಿಸುವವರು ಯಾರು? ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ಶಿಕ್ಷಣ ಹಕ್ಕೆಂದ 2009ರ ಕಾಯ್ದೆ ಇಂಥ ಮಕ್ಕಳಿಗಾಗಿಯೇ ಮುಖ್ಯವಾಗುತ್ತದೆ. ಶಾಲೆ ನಿರರ್ಥಕ ಎಂಬ ಮಾತು ಶಾಲೆಯ ಫಲವುಂಡವರ ಬಾಯಲ್ಲಿ ಚೆಂದ. ಅದನ್ನು ಕಾಣದವರ ಮುಂದೆ ಅದು ಕ್ರೂರ.

ಹಾಗೆಂದು ನಾವು ಮನೆಶಾಲೆಯವರ ದೂರನ್ನು ಅಲ್ಲಗಳೆಯುವುದಿಲ್ಲ. ನಮ್ಮ ಬಹುಪಾಲು ಶಾಲೆಗಳು ಮಗುವಿನ ಕೈಯನ್ನೂ ಕಣ್ಣನ್ನೂ ಕಟ್ಟಿಹಾಕುತ್ತವೆ ಎಂಬುದು ನಿಜ. ಇದನ್ನು ಬಹು ಹಿಂದೆಯೇ ಕಂಡವರು ಘಟ್ಟದ ಕೆಳಗಿನ ಪುತ್ತೂರಿನ ಬಾಲವನದಲ್ಲಿದ್ದ ಶಿವರಾಮ ಕಾರಂತರು. ಮಕ್ಕಳು ಆಡುತ್ತ, ಮಾಡುತ್ತ ಕಲಿಯಬೇಕೆಂದು ಅಲ್ಲಿ ಪ್ರಯೋಗಗಳನ್ನು ನಡೆಸಿದರು. ಆದರೆ ಅದನ್ನು ತಮ್ಮ ಅಂಗಳದ ಸೊತ್ತಾಗಿ ಇಟ್ಟುಕೊಳ್ಳಲಿಲ್ಲ. 1936ರಲ್ಲಿ 'ಬಾಲಪ್ರಪಂಚ'ದ ಮೂರು ಸಂಪುಟಗಳನ್ನು ಹೊರತಂದು ಕಾಣದ ಊರುಗಳ ಮಕ್ಕಳ ಕೈಗಿತ್ತರು. ತೇಜಸ್ವಿ ಮಾಡಿದ್ದೂ ಅದನ್ನೇ: ತಮ್ಮ ತೋಟದ, ತಮ್ಮ ಕಾಡಿನ ಅನುಭವವನ್ನು ಅಗ್ಗದ ಕನ್ನಡ ಪುಸ್ತಕಗಳಲ್ಲಿ ಎಲ್ಲರಿಗೂ ಹಂಚಿದರು. ಒಬ್ಬರ ಮನೆಯ ಕಲಿಕೆ ನಾಡಿನ ಕಲಿಕೆಯಾಗುವುದು ಹೀಗೆ.

ಮಾಡುತ್ತ ಕಲಿಯುವುದು ಸರಕಾರಿ ಶಾಲೆಗೆ ಒಗ್ಗದ್ದೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ 'ನಲಿಕಲಿ' ಮುಂದೆ ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆಲ್ಲ ಹಬ್ಬಿತು. ಅದರಲ್ಲಿ ಮಗು ಕಾರ್ಡು ಹಿಡಿದು, ಗುಂಪಿನಲ್ಲಿ ಕೂತು, ತನ್ನದೇ ವೇಗದಲ್ಲಿ ಕಲಿಯುತ್ತದೆ. ಆ ಕಾರ್ಡಿನಾಚೆಗೆ ಮೂಡಿಗೆರೆಯ ಮಗುವಿಗೆ ಜೇನು, ಏಲಕ್ಕಿ, ಹಳ್ಳದ ಏಡಿಯೂ ಪಾಠವಾಗಬೇಕು. ಹಾರುವ ಓತಿ ಕಾದಂಬರಿಯ ಕಲ್ಪನೆಯಷ್ಟೇ ಅಲ್ಲ. ಪಶ್ಚಿಮ ಘಟ್ಟದ ಅಡಿಕೆ ತೋಟಗಳಲ್ಲಿ ಇಂದಿಗೂ ಮರದಿಂದ ಮರಕ್ಕೆ ತೇಲುವ ಜೀವಿ. ಅದನ್ನು ಕಂಡ ಮಗು ತರಗತಿಗೆ ಬಂದು ಹೇಳುವಂತಾಗಬೇಕು, ಕೇಳಿಸಿಕೊಳ್ಳುವ ಮೇಷ್ಟ್ರು ಅಲ್ಲಿರಬೇಕು.

ಕಾಫಿಯೇ ಈ ಬೆಟ್ಟಗಳಿಗೆ ಬಂದದ್ದು ಒಬ್ಬ ಯಾತ್ರಿಕನ ಮೂಲಕ. ಬಾಬಾ ಬುಡನ್ ಅವರು ಹಜ್ ಮುಗಿಸಿ ಬರುವಾಗ ಅರಬ್ ನಾಡಿನಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂದು ಪ್ರತೀತಿ. ಯಾತ್ರೆಯಿಂದ ತಂದದ್ದನ್ನು ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದರೆ ಇಂದು ಇಲ್ಲಿ ತೋಟಗಳಿರುತ್ತಿರಲಿಲ್ಲ. ಮಕ್ಕಳನ್ನು ಕರೆದುಕೊಂಡು ಊರು ಸುತ್ತುವ ಹೆತ್ತವರು ಕಲಿತದ್ದರಲ್ಲಿ ಒಂದು ಹಿಡಿಯನ್ನಾದರೂ ಹತ್ತಿರದ ಸರಕಾರಿ ಶಾಲೆಯ ಅಂಗಳದಲ್ಲಿ ಬಿತ್ತಲಿ. ಮಂದಣ್ಣನ ಮಗನಿಗೂ ಒಬ್ಬ ಕರ್ವಾಲೊ ಸಿಗಲಿ.