ಒಂದೇ ಸಾಲಿನ ಹುಸಿ ಹಿರಿಮೆ

ಲಿನಕ್ಸ್ ಬಲ್ಲವರಲ್ಲಿ ಒಂದು ಸಾಲಿಗೆ ಮಂತ್ರದ ಮರ್ಯಾದೆಯಿದೆ. ‘ಫೈಂಡ್’ ಹುಡುಕಿಕೊಟ್ಟ ಹೆಸರುಗಳನ್ನು ಪೈಪ್ ಮೂಲಕ ‘ಎಕ್ಸಾರ್ಗ್ಸ್’ಗೆ ದಾಟಿಸಿ ‘ಆರ್‌ಎಂ -ಎಫ್’ನಿಂದ ಅಳಿಸುವುದು. ಹತ್ತಾರು ಫೋಲ್ಡರು, ಒಂದೇ ಏಟು. ಸಾಲು ಚಿಕ್ಕದು, ನಿಜ. ಅಷ್ಟಕ್ಕೇ ಅದನ್ನು ಜಾಣ್ಮೆ ಅನ್ನಲು ನನಗೆ ಮನಸ್ಸಿಲ್ಲ.

ಅಥಣಿಯಂಥ ಊರಿನ ಡಿಟಿಪಿ ಅಂಗಡಿಯನ್ನೇ ತಗೊಳ್ಳಿ. ವರ್ಷಕ್ಕೊಂದು ಫೋಲ್ಡರು, ಒಳಗೆ ಲಗ್ನಪತ್ರಿಕೆ, ಜಾತ್ರೆಯ ಬ್ಯಾನರು, ಕನ್ನಡದಲ್ಲೂ ಮರಾಠಿಯಲ್ಲೂ. ಕೋರೆಲ್‌ಡ್ರಾ ಫೈಲಿನ ಪಕ್ಕದಲ್ಲೇ ‘ಬ್ಯಾಕಪ್_ಆಫ್_’ ಎಂಬ ನಕಲು ಇಡುತ್ತದೆ. ಡಿಸ್ಕ್ ತುಂಬಿದಾಗ ಕಣ್ಣು ಬೀಳುವುದು ಅವುಗಳ ಮೇಲೇ. ಫೈಲ್ ಸರ್ವರಿಗೆ ಲಿನಕ್ಸ್ ಹಾಕಿದ್ದಾರೆ, 2023ರ ಫೋಲ್ಡರಿನಲ್ಲಿ ‘ಬ್ಯಾಕಪ್_ಆಫ್_ಲಗ್ನ ಪತ್ರಿಕೆ.ಸಿಡಿಆರ್’ ಇದೆ ಎನ್ನಿ. ಎಕ್ಸಾರ್ಗ್ಸ್ ಖಾಲಿ ಜಾಗ ಕಂಡಲ್ಲಿ ಹೆಸರನ್ನು ತುಂಡರಿಸುತ್ತದೆ. ಮೊದಲ ತುಂಡು ‘2023/ಬ್ಯಾಕಪ್_ಆಫ್_ಲಗ್ನ’. ಅಂಥ ಫೈಲೇ ಇಲ್ಲ. ‘ಇಲ್ಲ’ ಎಂದು ಹೇಳಬೇಕಿದ್ದ ಆರ್‌ಎಂ, ‘-ಎಫ್’ ಇರುವುದರಿಂದ ಸುಮ್ಮನಾಗುತ್ತದೆ. ಎರಡನೆಯ ತುಂಡು ಬರೀ ‘ಪತ್ರಿಕೆ.ಸಿಡಿಆರ್’. ಅದಕ್ಕೆ ಫೋಲ್ಡರಿನ ವಿಳಾಸವಿಲ್ಲ, ಆದ್ದರಿಂದ ಆರ್‌ಎಂ ಅದನ್ನು ನಾವು ಆದೇಶ ಕೊಟ್ಟ ಫೋಲ್ಡರಿನಲ್ಲೇ ನೋಡುತ್ತದೆ. ದಿನಾ ಬಳಸುವ ಮೂಲ ವಿನ್ಯಾಸ ಅದೇ ಹೆಸರಿನಲ್ಲಿ ಅಲ್ಲಿದ್ದರೆ ಮುಗಿಯಿತು. ನಕಲು ಉಳಿಯಿತು, ಮೂಲ ಹೋಯಿತು, ತೆರೆಯ ಮೇಲೆ ಒಂದಕ್ಷರವಿಲ್ಲ.

‘ಹೆಸರಿನಲ್ಲಿ ಖಾಲಿ ಜಾಗ ಬಿಟ್ಟಿದ್ದೇ ತಪ್ಪು’ ಎನ್ನುತ್ತಾರೆ ಈ ಸಾಲಿನ ಭಕ್ತರು. ಗಿರಾಕಿಯ ಗಡಿಬಿಡಿಯಲ್ಲಿ ಫೈಲಿಗೆ ಹೆಸರಿಡುವ ಹುಡುಗ ಯುನಿಕ್ಸ್ ಓದಿಕೊಂಡು ಬರಬೇಕಿತ್ತೇ? ಅವರದೇ ಇನ್ನೊಂದು ವಾದ: ಎಕ್ಸಾರ್ಗ್ಸ್ ಬದಲು ಫೈಂಡಿನದೇ ‘-ಎಕ್ಸೆಕ್’ ಬಳಸಿದರೆ ಅದು ಒಂದೊಂದು ಫೈಲಿಗೂ ಹೊಸ ಆರ್‌ಎಂ ಎಬ್ಬಿಸುತ್ತದೆ, ನಿಧಾನ. ಹಳಸಲು ಮಾತು. ಕೊನೆಯಲ್ಲಿ ಅರ್ಧವಿರಾಮದ ಬದಲು ಪ್ಲಸ್ ಹಾಕಿದರೆ ಹೆಸರುಗಳು ಗುಂಪಾಗಿಯೇ ಹೋಗುತ್ತವೆ, ಖಾಲಿ ಜಾಗವೂ ಕೆಡುವುದಿಲ್ಲ. ‘-ಪ್ರಿಂಟ್0’ ಮತ್ತು ‘-0’ ಜೋಡಿಯಿಂದ ಎಕ್ಸಾರ್ಗ್ಸ್ ಕೂಡ ನೆಟ್ಟಗಾಗುತ್ತದೆ. ಗ್ನೂ ಬಳಗದಲ್ಲಿ ಎಂದೋ ಇದ್ದ ಈ ಜೋಡಿಯನ್ನು ಪಾಸಿಕ್ಸ್ ಮಾನಕ ಒಪ್ಪಿಕೊಂಡಿದ್ದು 2024ರಲ್ಲಿ.

ನನ್ನ ಮತ ಫೈಂಡಿನದೇ ‘-ಡಿಲೀಟ್’ಗೆ. ಹುಡುಕಿದವನೇ ಅಳಿಸುತ್ತಾನೆ, ಹೆಸರು ಕೈಯಿಂದ ಕೈಗೆ ದಾಟುವುದಿಲ್ಲ. ಅದಕ್ಕೂ ಒಂದು ಹಲ್ಲಿದೆ: ಹೆಸರಿನ ಷರತ್ತು ಹೇಳುವ ‘-ನೇಮ್’ಗಿಂತ ಮುಂಚೆ ಬರೆದರೆ ಷರತ್ತು ನೋಡುವ ಮೊದಲೇ ಎಲ್ಲವನ್ನೂ ಅಳಿಸುತ್ತದೆ. ಆದ್ದರಿಂದ ಮೊದಲ ಸಲ ಕೊನೆಯ ಪದ ‘-ಪ್ರಿಂಟ್’ ಇರಲಿ. ಪಟ್ಟಿ ಓದಿ, ಆಮೇಲೆ ಅದೇ ಜಾಗದಲ್ಲಿ ‘-ಡಿಲೀಟ್’ ಹಾಕಿ. ಎರಡು ಸಲ ಓಡಿಸುವುದನ್ನು ಹೊಸಬರ ಅಂಜಿಕೆ ಎಂದು ನಗುವವರ ಸ್ಕ್ರಿಪ್ಟಿಗೆ ಇನ್ನೊಬ್ಬರ ಡಿಸ್ಕ್ ಒಪ್ಪಿಸಬಾರದು.