ತೂಬು ಎತ್ತುವವರು ಯಾರು?

ಕೋಲಾರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ಹೊಳೆ ಒಂದೂ ಇಲ್ಲ. ಪಾಲಾರ್, ದಕ್ಷಿಣ ಪಿನಾಕಿನಿಗಳು ನಕ್ಷೆಯಲ್ಲಿ ನದಿಗಳು. ಮಳೆ ಹುಯ್ದ ನಾಲ್ಕು ದಿನ ಹರಿದು ತಮಿಳುನಾಡಿನ ಕಡೆ ಇಳಿದುಹೋಗುತ್ತವೆ. ವರ್ಷಕ್ಕೆ ಬೀಳುವ 700-750 ಮಿಲಿಮೀಟರ್ ಮಳೆಯನ್ನು ಹಿಡಿದಿಟ್ಟುಕೊಂಡು ಬದುಕಿದ ಸೀಮೆ ಇದು. ಅದಕ್ಕಾಗಿಯೇ ಈ ಒಂದು ಜಿಲ್ಲೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಆ ಕೆರೆಗಳಿಗೂ ಕಾವಲು ಬೇಕು. ಕರಾವಳಿಯ ಕುಂದಾಪುರ, ಹೊನ್ನಾವರದ ಮರಳುದಂಡೆಯಲ್ಲಿ ಮೀನುಗಾರರ ಪುಟ್ಟ ಗುಂಪುಗಳು ಕಡಲಾಮೆಯ ಮೊಟ್ಟೆಗಳಿಗೆ ಕಾವಲು ಕೂರುತ್ತವೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಅಂಥವೇ ಗುಂಪುಗಳು ಕೆರೆಗೆ ಕಾವಲು ಕೂತಿವೆ. ಕಡಲಾಮೆಯ ಮರಿ ಮೊಟ್ಟೆಯೊಡೆದು ನೀರು ಸೇರಲು ಒಂದೂವರೆ-ಎರಡು ತಿಂಗಳು ಸಾಕು, ಅಲ್ಲಿಗೆ ಆ ವರ್ಷದ ಕಾವಲು ಮುಗಿಯಿತು. ಕೆರೆಯ ಕಾವಲು ಮುಗಿಯುವಂಥದ್ದಲ್ಲ. ಕಳೆದ ಎರಡು ದಶಕಗಳಲ್ಲಿ ಈ ಸೀಮೆಯಲ್ಲಿ ಆದ ಸಮುದಾಯದ ಕೆರೆ ಕೆಲಸವನ್ನು ಅಳೆಯಬೇಕಾದದ್ದು ಮುಗಿಯದ ಕಾವಲೆಂಬ ಈ ಕೋಲಿನಿಂದಲೇ. ಎಷ್ಟು ಹೂಳು ತೆಗೆದರು ಎಂಬ ಲೆಕ್ಕ ಎಲ್ಲ ಕಡತಗಳಲ್ಲೂ ಸಿಗುತ್ತದೆ. ಹೂಳು ತೆಗೆದ ಮೇಲೆ ಕೆರೆಯನ್ನು ಯಾರು ನೋಡಿಕೊಂಡರು ಎಂಬುದಕ್ಕೆ ಉತ್ತರ ಸಿಗುವುದು ಕಷ್ಟ.

ಕೆರೆ ಕಟ್ಟಿಸಿದವರ ಹೆಸರು ಕಲ್ಲಿನ ಮೇಲೆ ಉಳಿದಿದೆ. ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯ ಶಾಸನಗಳದ್ದೇ. ಕೆರೆ ಕಟ್ಟಿದವರಿಗೆ, ಒಡೆದ ಏರಿ ಸರಿಪಡಿಸಿದವರಿಗೆ ಭೂಮಿ ಬಿಟ್ಟುಕೊಟ್ಟ ದಾಖಲೆಗಳು ಅದರಲ್ಲಿ ಮತ್ತೆ ಮತ್ತೆ ಎದುರಾಗುತ್ತವೆ. ಕಟ್ಟುಕೊಡಗೆ, ಬಿತ್ತುವಟ್ಟ, ದಶವಂದ ಎಂದು ಆ ದತ್ತಿಗಳಿಗೆ ಬೇರೆ ಬೇರೆ ಹೆಸರು. ಕೆರೆ ಕಟ್ಟಿದ ಮರುದಿನದಿಂದಲೇ ಅದರ ದುರಸ್ತಿಗೆ ಆದಾಯದ ಮೂಲ ಬೇಕು ಎಂಬುದು ಆ ಕಾಲದವರಿಗೆ ಗೊತ್ತಿತ್ತು. ಇಂದಿನ ಯೋಜನೆಗಳಿಗೆ ಇನ್ನೂ ಗೊತ್ತಾಗದಿರುವುದು ಇದೇ.

ಶಾಸನದಲ್ಲಿ ಹೆಸರಿಲ್ಲದ ಒಬ್ಬ ಮನುಷ್ಯನೂ ಇದ್ದ, ನೀರುಗಂಟಿ. ಹೆಚ್ಚಿನ ಊರುಗಳಲ್ಲಿ ದಲಿತ ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಬಂದ ಕೆಲಸ ಇದು. ಏರಿಯಿಂದ ಸ್ವಲ್ಪ ಒಳಗೆ ನೀರಿನಲ್ಲಿ ನಿಂತ ಎರಡು ಕಲ್ಲುಕಂಬ, ನಡುವೆ ತೂತಿರುವ ಅಡ್ಡಗಲ್ಲು, ಅದರೊಳಗಿಂದ ಇಳಿಬಿಟ್ಟ ಗಳ, ಗಳದ ತುದಿಗೆ ಬಿರಡೆ. ತೂಬು ಎಂದರೆ ಇಷ್ಟೇ. ಆದರೆ ಆ ಗಳವನ್ನು ಎಷ್ಟು ಎತ್ತಬೇಕು, ಯಾವ ಹೊತ್ತಿಗೆ ಇಳಿಸಬೇಕು, ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ಮುಟ್ಟಲು ಎಷ್ಟು ಹೊತ್ತು ಬೇಕು ಎಂಬುದೆಲ್ಲ ಅವನ ತಲೆಯಲ್ಲಿತ್ತು. ಕೆರೆ ಅರ್ಧ ತುಂಬಿದ ವರ್ಷ ಎಷ್ಟು ಗದ್ದೆಗೆ ಭತ್ತ, ಉಳಿದದ್ದಕ್ಕೆ ರಾಗಿಯೇ ಎಂದು ಊರಿನವರು ತೀರ್ಮಾನಿಸುವಾಗ ಅವನ ಅಂದಾಜು ಬೇಕಿತ್ತು. ಮಳೆಗಾಲದ ರಾತ್ರಿಯಲ್ಲಿ ಏರಿಯ ಮೇಲೆ ಓಡಾಡಿ ಏಡಿಯ ಬಿಲ, ಹೆಗ್ಗಣದ ಬಿಲ ಹುಡುಕಿ ಮುಚ್ಚುತ್ತಿದ್ದವನೂ ಅವನೇ. ಸುಗ್ಗಿಯಲ್ಲಿ ಕಣದಿಂದ ಸಿಗುವ ಕಾಳು, ಒಂದು ತುಂಡು ಇನಾಂ ಜಮೀನು ಇದಕ್ಕೆಲ್ಲ ಪ್ರತಿಫಲ.

1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ವಂಶಪಾರಂಪರ್ಯದ ಊರಚಾಕರಿಗಳನ್ನು ತೆಗೆದುಹಾಕಿತು. ಅದು ನ್ಯಾಯವಾದ ಕಾಯ್ದೆ. ಹುಟ್ಟಿದ ಜಾತಿಗಾಗಿ ಒಬ್ಬ ಮನುಷ್ಯ ಊರಿನ ಚಾಕರಿ ಮಾಡಬೇಕಾದ ವ್ಯವಸ್ಥೆ ಹೋಗಲೇಬೇಕಿತ್ತು. ಹಳೆಯ ವ್ಯವಸ್ಥೆಯನ್ನು ಹಾಡಿ ಹೊಗಳುವ ಕೆರೆ ಪ್ರೇಮಿಗಳು ಈ ಮಾತನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಚಾಕರಿ ಹೋದ ಜಾಗಕ್ಕೆ ಸಂಬಳದ ಕೆಲಸ ಬರಲಿಲ್ಲ. ಅಷ್ಟರಲ್ಲಿ ಕೊಳವೆಬಾವಿ ಬಂತು. ಸ್ವಂತ ಹೊಲದಲ್ಲೇ ನೀರು ಸಿಕ್ಕವನಿಗೆ ಕೆರೆಯ ತೂಬಿನ ಹಂಗಿಲ್ಲ. ಎಷ್ಟೋ ಊರುಗಳಲ್ಲಿ ಕೊಳವೆಬಾವಿಗಳಿಗೆ ನೀರು ಇಂಗಲಿ ಎಂದು ತೂಬನ್ನೇ ಮುಚ್ಚಿಬಿಟ್ಟರು. ಇಂದು ಜಿಲ್ಲೆಯ ಎಲ್ಲ ತಾಲ್ಲೂಕುಗಳೂ ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿವೆ. ಸಾವಿರ ಅಡಿ ದಾಟಿದ ಕೊಳವೆಬಾವಿಗಳು ಮಾಮೂಲಾಗಿವೆ, ಕುಡಿಯುವ ನೀರಿನಲ್ಲಿ ಫ್ಲೋರೈಡ್ ಇದೆ.

ಇಂಥ ಹೊತ್ತಿನಲ್ಲಿ ಬಂದದ್ದು ಸಮುದಾಯದ ಕೆರೆ ಕೆಲಸ. ಜಲ ಸಂವರ್ಧನೆ ಯೋಜನಾ ಸಂಘ ವಿಶ್ವಬ್ಯಾಂಕಿನ ಸಾಲದಲ್ಲಿ 2002ರಿಂದ ರಾಜ್ಯದ ಹಲವು ಜಿಲ್ಲೆಗಳಲ್ಲಿ ಈ ಕೆಲಸ ಹಿಡಿದುಕೊಂಡಿತು. ಅದರಲ್ಲಿ ಕೋಲಾರವೂ ಒಂದು. ಪ್ರತಿ ಕೆರೆಗೂ ಒಂದು ಬಳಕೆದಾರರ ಸಂಘ, ವೆಚ್ಚದಲ್ಲಿ ಊರಿನವರದ್ದೂ ಒಂದು ಪಾಲು, ನಡುವೆ ನಿಂತು ಸಂಘ ಕಟ್ಟಲು ಸ್ಥಳೀಯ ಸ್ವಯಂಸೇವಾ ಸಂಸ್ಥೆಗಳು. ಅದಕ್ಕೂ ಮುಂಚಿನಿಂದಲೇ ಮುಳಬಾಗಿಲು ತಾಲ್ಲೂಕಿನಲ್ಲಿ ಬೇರೂರಿದ್ದ ಗ್ರಾಮ ವಿಕಾಸದಂಥ ಸಂಸ್ಥೆಗಳು ಮಹಿಳಾ ಸಂಘಗಳ ಮೂಲಕ ಊರಿನ ಒಳಗಿನಿಂದ ಕೆಲಸ ಮಾಡುತ್ತಿದ್ದವು. ಈ ಎರಡು ಬಗೆಯ ಕೆಲಸಗಳಲ್ಲಿ ನನ್ನ ಮೆಚ್ಚುಗೆ ಎರಡನೆಯದಕ್ಕೆ. ಅದಕ್ಕೆ ಕಾರಣ ಹೂಳಿನಲ್ಲೇ ಇದೆ.

ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳಕ್ಕೆ ಇಳಿದರೆ ಹೂಳು ಎಲ್ಲ ಕಡೆ ಒಂದೇ ರೀತಿ ಇರುವುದಿಲ್ಲ. ಕಾಲುವೆ ಬಂದು ಸೇರುವ ಕಡೆ ಮರಳು, ಗರಸು. ಏರಿಯ ಕಡೆ ಬರುತ್ತ ಬರುತ್ತ ನುಣ್ಣನೆಯ ಕಪ್ಪು ಗೋಡು. ಬಿಸಿಲಿಗೆ ಅದು ಬಿರಿದು ಹೆಂಟೆಹೆಂಟೆಯಾಗಿ ಏಳುತ್ತದೆ. ಕೈಯಲ್ಲಿ ಹಿಡಿದು ಹಿಸುಕಿದರೆ ಪುಡಿಯಾಗುತ್ತದೆ, ನೀರು ಚಿಮುಕಿಸಿದರೆ ಬೆಣ್ಣೆಯಂತೆ ಅಂಟುತ್ತದೆ. ಈ ಸೀಮೆಯ ಕೆಂಪು ಮರಳುಮಣ್ಣಿನ ಹೊಲದಲ್ಲಿ ಬಿದ್ದ ಮಳೆ ನಿಲ್ಲುವುದಿಲ್ಲ. ಗೋಡುಮಣ್ಣು ಬೆರೆತರೆ ತೇವ ನಿಲ್ಲುತ್ತದೆ, ಮಳೆ ಹದಿನೈದು ದಿನ ತಡವಾದರೂ ರಾಗಿ, ಕಡಲೆಕಾಯಿ ಬಾಡದೆ ತಡೆದುಕೊಳ್ಳುತ್ತವೆ. ಮಹಿಳಾ ಸಂಘಗಳು ಈ ಹೂಳನ್ನು ಸಣ್ಣ ಹಿಡುವಳಿದಾರರ ಹೊಲಗಳಿಗೆ ಹೊಡೆಸುವ ಕೆಲಸ ಹಿಡಿದಾಗ ಎರಡು ಕೆಲಸ ಒಟ್ಟಿಗೆ ಆದವು. ಕೆರೆಯ ಹೊಟ್ಟೆ ದೊಡ್ಡದಾಯಿತು, ಬಡವರ ಖುಷ್ಕಿ ಹೊಲಕ್ಕೆ ಗೊಬ್ಬರ ಸಿಕ್ಕಿತು. ಎಷ್ಟು ಹೊಲಕ್ಕೆ ಬೇಕೋ ಅಷ್ಟೇ ತೆಗೆದರು, ಮೇಲಿನ ಪದರವನ್ನಷ್ಟೇ ತೆಗೆದರು. ಅಚ್ಚುಕಟ್ಟಿನಲ್ಲಿ ಒಂದು ಗುಂಟೆಯೂ ಇಲ್ಲದ ಹೆಂಗಸಿಗೂ ಕೆರೆಯಲ್ಲಿ ಒಂದು ಪಾಲು ಸಿಕ್ಕಿದ್ದು ಹೀಗೆ. ಕೆರೆ ಎಂದರೆ ಗದ್ದೆಯುಳ್ಳವರ ಸ್ವತ್ತು ಎಂಬ ಹಳೆಯ ಲೆಕ್ಕವನ್ನು ಸದ್ದಿಲ್ಲದೆ ಬದಲಿಸಿದ ಈ ಕೆಲಸಕ್ಕೆ ಸಿಗಬೇಕಾದಷ್ಟು ಗೌರವ ಇನ್ನೂ ಸಿಕ್ಕಿಲ್ಲ.

ಇದರ ಪಕ್ಕದಲ್ಲಿ ಜೆಸಿಬಿ ಕೆಲಸವನ್ನು ಇಟ್ಟು ನೋಡಿ. ಬಿಲ್ಲು ಘನಮೀಟರಿನ ಲೆಕ್ಕದಲ್ಲಿ ಆಗುವುದರಿಂದ ಯಂತ್ರ ಎಲ್ಲಿ ಸುಲಭವೋ ಅಲ್ಲಿ ಅಗೆಯುತ್ತದೆ. ತೂಬಿನ ಮಟ್ಟಕ್ಕಿಂತ ಕೆಳಗೆ ಅಗೆದ ಗುಂಡಿಯ ನೀರು ಗದ್ದೆಗೆ ಎಂದೂ ಹರಿಯುವುದಿಲ್ಲ, ದನಕರುಗಳಿಗೆ ಅದು ಅಪಾಯದ ಗುಂಡಿ. ಏರಿಯ ಬುಡದಲ್ಲಿ ಅಗೆದರೆ ಏರಿಯೇ ಸಡಿಲವಾಗುತ್ತದೆ. ತೆಗೆದ ಮಣ್ಣನ್ನು ಸಾಗಿಸುವ ಖರ್ಚು ಉಳಿಸಲು ಕೆರೆಯೊಳಗೇ ಗುಡ್ಡೆ ಹಾಕುವುದುಂಟು, ಎರಡು ಮಳೆಗೆ ಅದು ಮತ್ತೆ ಹೂಳು. ಇಟ್ಟಿಗೆ, ಹೆಂಚಿಗೆ ಹೆಸರಾದ ಮಾಲೂರಿನ ಕಡೆ ಜೇಡಿಗೆ ಬೆಲೆಯಿದೆ. ಕೆರೆಯ ಗೋಡು ಹೊಲದ ಬದಲು ಗೂಡಿಗೆ ಹೋದರೆ ಕೆರೆ ಆಳವಾಗಬಹುದು, ರೈತನ ಹೊಲ ಇದ್ದಲ್ಲೇ ಇರುತ್ತದೆ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ ಬಂದ ಮೇಲಂತೂ ಆರು ವಾರದಲ್ಲಿ ಕೆರೆ ಅಗೆದು, ಫಲಕ ನೆಟ್ಟು, ಫೋಟೋ ತೆಗೆಸಿಕೊಂಡು ಹೋಗುವ ಪದ್ಧತಿ ಬಲವಾಗಿದೆ. ಇದನ್ನು ಕೆರೆ ಪುನರುಜ್ಜೀವನ ಎಂದು ಕರೆಯಲು ನಾನು ಒಪ್ಪುವುದಿಲ್ಲ.

ಒಳ್ಳೆಯ ಸಂಘಗಳಲ್ಲೂ ಒಂದು ದೊಡ್ಡ ಕೊರತೆಯಿದೆ. ಸಂಘದ ಗಡಿ ಊರಿನ ಗಡಿ. ನೀರಿಗೆ ಆ ಗಡಿ ಇಲ್ಲ. ಪಾಲಾರ್ ಕಣಿವೆಯಲ್ಲಿ ಕೆರೆಗಳು ಸರಪಳಿಯಂತೆ ಇವೆ. ಮೇಲಿನ ಕೆರೆ ಕೋಡಿ ಬಿದ್ದರೆ ಅದರ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಮುಂದಿನದಕ್ಕೆ, ಹಾಗೆಯೇ ಬೇತಮಂಗಲದ ದೊಡ್ಡ ಕೆರೆಯವರೆಗೆ. ಮೇಲಿನ ಊರಿನವರು ಕೆರೆಯನ್ನು ಆಳ ಮಾಡಿ, ಕೋಡಿಯ ಮೇಲೆ ಒಂದು ಸಾಲು ಕಲ್ಲು ಏರಿಸಿದರೆ ಕೆಳಗಿನ ಊರಿಗೆ ಬರುವ ನೀರು ಕಡಿಮೆಯಾಗುತ್ತದೆ. ಕೆಳಗಿನವರನ್ನು ಕೇಳಿ ಕೆಲಸ ಶುರುಮಾಡುವ ಸಂಘ ಅಪರೂಪ. ಕೆರೆಗೆ ನೀರು ತರುವ ರಾಜಕಾಲುವೆಯ ವಿಷಯ ಇನ್ನೂ ನಾಜೂಕು. ಹೂಳೆತ್ತಲು ಊರೆಲ್ಲ ಒಪ್ಪುತ್ತದೆ. ಕಾಲುವೆ ಬಿಡಿಸಬೇಕೆಂದರೆ ಅದನ್ನು ಉತ್ತು ಟೊಮೆಟೊ ಹಾಕಿದವರ ಹೆಸರು ಹೇಳಬೇಕಾಗುತ್ತದೆ, ಅವರು ಸಾಮಾನ್ಯವಾಗಿ ಊರಿನ ಬಲಾಢ್ಯರೇ. ಅಲ್ಲಿಗೆ ಸಂಘದ ಸಭೆ ಮೌನವಾಗುತ್ತದೆ. ಜಲಾನಯನದ ನೀಲಗಿರಿಯ ಕಥೆಯೂ ಅಂಥದ್ದೇ. 1981ರಲ್ಲೇ ವಂದನಾ ಶಿವ, ಎಚ್.ಸಿ. ಶರತ್‌ಚಂದ್ರ, ಜಯಂತ ಬಂದ್ಯೋಪಾಧ್ಯಾಯ ಅವರು ಕೋಲಾರದ ಸಾಮಾಜಿಕ ಅರಣ್ಯ ಯೋಜನೆಯನ್ನು ಅಧ್ಯಯನ ಮಾಡಿ, ರಾಗಿ ಬೆಳೆಯುವ ಭೂಮಿಗೆ ನೀಲಗಿರಿ ನುಗ್ಗುತ್ತಿರುವುದನ್ನು ಎತ್ತಿ ತೋರಿಸಿದ್ದರು. ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ.

ಸಂಘಗಳ ಮೇಲೆ ಎಲ್ಲ ತಪ್ಪು ಹೊರಿಸುವುದು ನ್ಯಾಯವಲ್ಲ. ನಲವತ್ತು ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಕಡಿಮೆಯದು ಪಂಚಾಯತಿಗೆ. ಒತ್ತುವರಿ ಕಂದಾಯ ಇಲಾಖೆಯ ಕಡತದಲ್ಲಿ, ಅಂಗಳದ ಮರ ಅರಣ್ಯ ಇಲಾಖೆಯ ಲೆಕ್ಕದಲ್ಲಿ, ಮೀನು ಗುತ್ತಿಗೆದಾರನ ಕೈಯಲ್ಲಿ. ಮೀನು ಬಲಿಯುವ ತನಕ ತೂಬು ಎತ್ತುವುದು ಗುತ್ತಿಗೆದಾರನಿಗೆ ಬೇಡ, ಬೆಳೆ ಒಣಗುವ ಮುಂಚೆ ಎತ್ತುವುದು ರೈತನಿಗೆ ಬೇಕು. ಇವರಿಬ್ಬರ ನಡುವೆ ನಿಲ್ಲುವ ಸಂಘಕ್ಕೆ ಕಾನೂನಿನ ಬಲ ತೀರಾ ತೆಳ್ಳಗೆ. ಕೆರೆಯ ಆದಾಯದ ಮೇಲೂ ಅದರ ಹಿಡಿತ ಕಡಿಮೆ. ಯೋಜನೆಯ ಹಣ ನಿಂತ ದಿನ ಸಂಘದ ನಡಾವಳಿ ಪುಸ್ತಕವೂ ನಿಲ್ಲುತ್ತದೆ.

2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದು ಬಿತ್ತು. ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆಗಳು ಎಂಬುದು ಕೆರೆ ತುಂಬಿಸುವ ಈ ಯೋಜನೆಯ ಗುರಿ. ಮರುತಿಂಗಳೇ ಕೆರೆಯಲ್ಲಿ ನೊರೆ ಎದ್ದಿತು. ಶಾಶ್ವತ ನೀರಾವರಿ ಹೋರಾಟ ಸಮಿತಿಯ ಆರ್. ಆಂಜನೇಯ ರೆಡ್ಡಿ ಅವರ ಅರ್ಜಿಯ ಮೇಲೆ ಹೈಕೋರ್ಟ್ ತಡೆ ಕೊಟ್ಟಿತು, ವ್ಯಾಜ್ಯ ಸುಪ್ರೀಂ ಕೋರ್ಟಿಗೂ ಹೋಯಿತು. ಬಳಿಕ ನೀರು ಮತ್ತೆ ಹರಿಯಿತು. ವರ್ಷಗಳಿಂದ ಬಿರಿದುಕೊಂಡಿದ್ದ ನರಸಾಪುರದಂಥ ಕೆರೆಗಳಲ್ಲಿ ನೀರು ನಿಂತಿತು, ಸುತ್ತಲ ಬಾವಿಗಳಲ್ಲಿ ನೀರಿನ ಮಟ್ಟ ಏರಿತು. ಇದನ್ನು ಅಲ್ಲಗಳೆಯುವುದು ಸಾಧ್ಯವಿಲ್ಲ, ರೈತರ ಸಂತೋಷವೂ ಸುಳ್ಳಲ್ಲ. ಮೂರನೇ ಹಂತದ ಶುದ್ಧೀಕರಣ ಆಗಬೇಕೆಂಬ ಬೇಡಿಕೆಯೂ ಅಷ್ಟೇ ನಿಜ, ಅದಕ್ಕೆ ನನ್ನ ಬೆಂಬಲವಿದೆ. ಆದರೆ ನನ್ನನ್ನು ಹೆಚ್ಚು ಕಾಡುವುದು ಬೇರೆಯೇ. ಕೊಳವೆಯಿಂದ ಕೆರೆ ತುಂಬಿದ ಊರಿನಲ್ಲಿ ಪೋಷಕ ಕಾಲುವೆಯ ನೆನಪು ಯಾರಿಗೆ ಬೇಕು? ಮಳೆಯ ನೀರು ಬರುವ ದಾರಿ ಮುಚ್ಚಿದರೂ ಕೆರೆ ತುಂಬಿಯೇ ಕಾಣುತ್ತದೆ. ಕೆರೆ ಬತ್ತಿದ್ದಾಗ ಸೇರುತ್ತಿದ್ದ ಸಭೆಗೆ, ತುಂಬಿದ ಮೇಲೆ ಸೇರಲು ಕಾರಣವೇ ಉಳಿಯುವುದಿಲ್ಲ.

2021ರ ನವೆಂಬರಿನ ಮಳೆ ಎಲ್ಲರ ಕೆಲಸವನ್ನೂ ಒರೆಗೆ ಹಚ್ಚಿತು. ದಶಕಗಳಿಂದ ಕೋಡಿ ಕಾಣದ ಕೆರೆಗಳು ಜಿಲ್ಲೆಯ ಉದ್ದಕ್ಕೂ ಕೋಡಿ ಹರಿದವು. ಊರೂರಲ್ಲಿ ಗಂಗಮ್ಮನಿಗೆ ಪೂಜೆ, ಬಾಗಿನ, ತೆಪ್ಪ. ಕೆಲವು ಕಡೆ ಏರಿ ಒಡೆಯಿತು, ಹೊಲಗದ್ದೆಗೆ ನೀರು ನುಗ್ಗಿತು, ಹೆದ್ದಾರಿಯೂ ಮುಳುಗಿತು. ಕಾಲುವೆಯ ಜಾಗದಲ್ಲಿ ಮನೆ, ತೋಟ ಎದ್ದ ಕಡೆ ನೀರು ತನ್ನ ಹಳೆಯ ದಾರಿಯನ್ನೇ ಹಿಡಿಯಿತು. ಅಂಥ ರಾತ್ರಿಗಳಲ್ಲಿ ಬೇಕಾಗಿದ್ದದ್ದು ಏರಿಯ ಬಿಲ ಗೊತ್ತಿರುವ, ತೂಬಿನ ಗಳ ಎತ್ತಲು ಬರುವ ಒಬ್ಬ ಮನುಷ್ಯ. ಎಷ್ಟೋ ಕೆರೆಗಳ ಮೇಲೆ ಅಂಥವರು ಇರಲಿಲ್ಲ.

ಆದ್ದರಿಂದ ನನ್ನ ತೀರ್ಪು ಇಷ್ಟು: ಸಮುದಾಯದ ಕೆರೆ ಕೆಲಸ ಗೆದ್ದಿರುವುದು ಹೂಳನ್ನು ಬಡವರ ಹೊಲಕ್ಕೆ ಮುಟ್ಟಿಸಿದ ಕಡೆ, ಹೆಂಗಸರನ್ನು ಕೆರೆಯ ಪಾಲುದಾರರನ್ನಾಗಿ ಮಾಡಿದ ಕಡೆ. ಸೋತಿರುವುದು ಕಾಲುವೆಯ ಒತ್ತುವರಿಯ ಎದುರು ಬಾಯಿ ಬಿಡದ ಕಡೆ, ನೀರುಗಂಟಿಯ ಕೆಲಸವನ್ನು ಜಾತಿಯ ಹೊರೆಯಿಂದ ಬಿಡಿಸಿ ಗೌರವದ, ಸಂಬಳದ ಉದ್ಯೋಗವಾಗಿ ಕಟ್ಟದ ಕಡೆ. ಈ ಉದ್ಯೋಗ ಯಾವ ಜಾತಿಯ ಹುಡುಗನಿಗೂ ಹುಡುಗಿಗೂ ತೆರೆದಿರಬೇಕು. ಮೀನಿನ ಗುತ್ತಿಗೆ, ಅಂಗಳದ ಜಾಲಿಯ ಹರಾಜು, ಹೂಳಿನ ಮಾರಾಟದಿಂದ ಬರುವ ಹಣದಲ್ಲಿ ಒಂದು ಪಾಲು ಕೆರೆಯ ಖಾತೆಗೇ ಬಂದರೆ ಅದಕ್ಕೆ ಬೇಕಾದ ಸಂಬಳ ಹುಟ್ಟುತ್ತದೆ.

ಬೆಂಗಳೂರಿನಲ್ಲಿ ಕೂತು ತಮ್ಮೂರಿನ ಕೆರೆಗೆ ಚಂದಾ ಕಳಿಸುವ ಕೋಲಾರದವರು ಬಹಳ ಮಂದಿ ಇದ್ದಾರೆ, ಅವರಲ್ಲಿ ಒಂದು ಕೋರಿಕೆ. ಜೆಸಿಬಿಯ ಬಾಡಿಗೆಗೆ ಹಣ ಹಾಕುವ ಮುಂಚೆ ಸಂಘದವರನ್ನು ಕೇಳಿ: ಕಾಲುವೆಯ ಸರ್ವೆ ಆಗಿದೆಯೇ, ಕೆಳಗಿನ ಊರಿನವರ ಜೊತೆ ಮಾತಾಡಿದ್ದೀರಾ, ಬರುವ ಮಳೆಗಾಲಕ್ಕೆ ತೂಬು ನೋಡಿಕೊಳ್ಳುವವರು ಯಾರು, ಅವರ ತಿಂಗಳ ಸಂಬಳ ಎಷ್ಟು? ಉತ್ತರ ಬಂದ ಮೇಲೆ ಹಣ ಕಳಿಸಿ.